ಚಕ್ರದ ನೇರಕ್ಕೆ

ಎರಡನೆಯ ಸಲ ಹೊಡೆದಾಗಲೂ ಮಿಷನ್ನಿನ ಚಕ್ರ ಮಂಕಾಗಿಯೇ ಕೂಗಿತು. ಗಿಡ್ಡಯ್ಯ ಸ್ಪಾನರನ್ನು ತೊಡೆಗೆ ಒತ್ತಿಕೊಂಡು, ಕಿವಿಯನ್ನು ಕಬ್ಬಿಣದ ಹತ್ತಿರಕ್ಕೆ ತಂದು, ಆ ಸದ್ದು ಸಾಯುವವರೆಗೆ ಕಾದ. ಅದು ಸಾಯುವುದಕ್ಕೆ ಹೊತ್ತೇ ಹಿಡಿಯಲಿಲ್ಲ. ಒದ್ದೆ ಗೋಡೆಗೆ ಗುದ್ದಿದ ಹಾಗೆ ಡಬ್ ಎಂದು ಅಲ್ಲಿಗೇ ನಿಂತಿತು.

"ಮಾವ, ಬುತ್ತಿ ಕೊಡಾಕೆ ಬಂದೋರು ಬುತ್ತಿ ಕೊಟ್ಟು ಹೊಂಟೋಗ್ಬಾರ್ದಾ?" ಎಂದಳು ಸೊಸೆ ಶಿಲ್ಪಶ್ರೀ, ಮುದ್ದೆ ಮುರಿಯುತ್ತಾ. ಸುತ್ತ ಕೂತ ಹೆಂಗಸರೆಲ್ಲ ನೋಡುತ್ತಿದ್ದಾರೆಂದು ಅವಳಿಗೆ ನಾಚಿಕೆ.

"ಬುಡವ್ವಾ," ಎಂದಳು ಹುಚ್ಚಮ್ಮ. ಅಲ್ಲಿದ್ದವರಲ್ಲೆಲ್ಲ ವಯಸ್ಸಿನಲ್ಲೂ ಅವಳೇ ಹಿರಿಯಳು, ಬಾಯಲ್ಲೂ ಅವಳೇ ಹಿರಿಯಳು. "ನಿಮ್ಮಾವ ರೈಲು ಬಿಟ್ರೂ ರೈಲು ನಿಮ್ಮಾವನ್ನ ಬಿಟ್ಟಿಲ್ಲ. ನಾಳಿಕ್ಕೆ ನಮ್ಮ ತಲೆ ಮ್ಯಾಲೂ ಸುತ್ತಿಗೇಲಿ ಕುಟ್ಟಿ, ಇದು ಸರಿಗೈತೆ, ಇದು ಒಡೆದೈತೆ ಅಂತಾರೆ, ನೋಡ್ತಿರು."

"ನಿಂದ್ರಲ್ಲಿ ಕುಟ್ಟಿ ನೋಡಾದೇನೈತಕ್ಕಾ, ಒಡೆದು ಕಾಲ ಆತು," ಎಂದ ಮಿಷನ್ ಓಡಿಸುವ ಮಂಜುನಾಥ. ಎಲ್ಲರೂ ನಕ್ಕರು. ಗಿಡ್ಡಯ್ಯನೂ ನಕ್ಕ. ಆದರೆ ಸ್ಪಾನರನ್ನು ಕೆಳಗಿಡಲಿಲ್ಲ.

ಅರಸೀಕೆರೆ ಜಂಕ್ಷನ್ನಿನಲ್ಲಿ ಮೂವತ್ತನಾಲ್ಕು ವರ್ಷ ಖಲಾಸಿಯಾಗಿದ್ದವನು ಗಿಡ್ಡಯ್ಯ. ಗಾಡಿ ಬಂದು ನಿಂತ ಕೂಡಲೇ ಉದ್ದ ಹಿಡಿಯ ಸುತ್ತಿಗೆ ಹಿಡಿದು ಒಂದೊಂದೇ ಚಕ್ರಕ್ಕೆ ಹೊಡೆಯುತ್ತಾ, ಕೇಳುತ್ತಾ ಹೋಗುವುದು ಅವನ ಕೆಲಸವಾಗಿತ್ತು. ಗಟ್ಟಿ ಚಕ್ರ ಗುಡಿಯ ಗಂಟೆಯ ಹಾಗೆ ಎಳೆದು ಹಾಡುತ್ತದೆ. ಬಿರುಕು ಬಿಟ್ಟದ್ದು ಕೆಮ್ಮುತ್ತದೆ. ಓದಿದ್ದು ಮೂರನೇ ಕ್ಲಾಸು. ಕಾಗದ ಓದುವುದಕ್ಕಿಂತ ಕಬ್ಬಿಣ ಓದುವುದೇ ಅವನಿಗೆ ಸಲೀಸು.

ಕಣಕಟ್ಟೆಯಿಂದ ಎರಡು ಕಿಲೋಮೀಟರ್ ಆಚೆ, ರಸ್ತೆ ಬದಿಯ ಆ ತಗಡಿನ ಶೆಡ್ಡಿನಲ್ಲಿ ತೆಂಗಿನ ಸಿಪ್ಪೆ ಜಜ್ಜಿ ನಾರು ತೆಗೆಯುತ್ತಿದ್ದರು. ಮಿಷನ್ನು ಪೊಳ್ಳಾಚಿಯಿಂದ ನಾಲ್ಕು ವರ್ಷದ ಹಿಂದೆ ಬಂದದ್ದು, ಬರುವಾಗಲೇ ಹಳತು. ಅದರ ಬಲಮಗ್ಗುಲಿಗೆ ಈ ಚಕ್ರ. ಎತ್ತಿನಗಾಡಿಯ ಚಕ್ರದಷ್ಟು ಎತ್ತರ, ಆದರೆ ನಡುವೆ ಕಡ್ಡಿಗಳಿಲ್ಲ. ಇಡಿಯಾಗಿ ಎರಕ ಹೊಯ್ದ ಕಬ್ಬಿಣದ ಬಿಲ್ಲೆ, ಅದರಲ್ಲಿ ಐದು ತೂತು. ತಿರುಗತೊಡಗಿದರೆ ತೂತುಗಳೆಲ್ಲ ಕೂಡಿ ಒಂದು ಬೂದುಬಣ್ಣದ ಬಳೆಯಾಗುತ್ತಿದ್ದವು. ಚೈತ್ರದ ಆ ಬಿಸಿಲಿಗೆ ತಗಡಿನ ಕೆಳಗೆ ಜೀವ ಬೇಯುತ್ತಿರುವಾಗ, ಚಕ್ರದ ನೇರಕ್ಕೆ ಏಳೆಂಟು ಹೆಜ್ಜೆ ಆಚೆ ಕೂತವರಿಗೆ ಮಾತ್ರ ತಂಪು ಗಾಳಿ ಬರುತ್ತಿತ್ತು. ನಾರು ಬಿಡಿಸುವ ಹೆಂಗಸರು ಗೋಣಿತಾಟು ಹಾಸಿಕೊಂಡು ಕೂರುತ್ತಿದ್ದದ್ದು ಅಲ್ಲೇ. ಗಾಳಿ ನೆಟ್ಟಗೆ ಮುಖಕ್ಕೆ ಹೊಡೆಯುವ ನಡುವಿನ ಜಾಗ ಮೊದಲಿಂದಲೂ ಹುಚ್ಚಮ್ಮನದು. ಶಿಲ್ಪಶ್ರೀಗೆ ಐದು ತಿಂಗಳು ತುಂಬಿದ ಮೇಲೆ, "ಬಸುರಿ ಹೆಂಗ್ಸು, ಬೆವರಬಾರ್ದು" ಎಂದು ಅವಳೇ ಎದ್ದು ಜಾಗ ಬಿಟ್ಟುಕೊಟ್ಟಿದ್ದಳು.

ಮಿಲ್ಲಿನ ಯಜಮಾನ ಇಂದ್ರೇಶ್ ಬೈಕು ನಿಲ್ಲಿಸಿ ಒಳಗೆ ಬಂದ. ನಲವತ್ತರ ಆಸುಪಾಸಿನವನು, ಮನೆತನದಿಂದ ಕೊಬ್ಬರಿ ವ್ಯಾಪಾರದವನು. ಗಿಡ್ಡಯ್ಯನ ಕೈಯಲ್ಲಿನ ಸ್ಪಾನರು ನೋಡಿ ನಿಟ್ಟುಸಿರು ಬಿಟ್ಟ.

"ಮತ್ತೆ ಶುರುವಾಯ್ತಾ ಗಿಡ್ಡಯ್ಯನವರೇ?"

"ಇದು ಸರಿಗಿಲ್ಲ ಯಜಮಾನ್ರೆ. ಕರೆಂಟು ತೆಗೆದ ಮ್ಯಾಲೆ ನಿಲ್ಲಾಗಂಟ ತಿರುಗ್ತದಲ್ಲ, ಅವಾಗ ಕೇಳಿ. ಸುತ್ತಿಗೊಂದು ಕಿತ ಟಿಕ್ ಅಂತದೆ. ಈಗ ಕುಟ್ಟಿ ನೋಡಿದ್ರೆ ದನೀನೇ ಇಲ್ಲ."

"ಹೋದ ವಾರ ಪುಲ್ಲಿ ಅಂದ್ರಿ. ಬೇಲೂರಿಂದ ಮೆಕ್ಯಾನಿಕ್ಕು ಕರೆಸಿ ಪುಲ್ಲಿ ಬದಲಾಯಿಸಿದ್ದಾಯ್ತು. ಒಂದಿನ ಪೂರ್ತಿ ಮಿಲ್ಲು ನಿಂತಿತು. ಈಗ ಅದಲ್ಲ, ಇದು ಅಂತೀರ."

ಗಿಡ್ಡಯ್ಯ ತಲೆ ತಗ್ಗಿಸಿದ. ಅದು ನಿಜ. ಸದ್ದು ಕೇಳಿದ ಮೊದಲ ದಿನ ಮಂಜುನಾಥ "ಯಾವ್ದು, ಪುಲ್ಲಿಯಾ?" ಎಂದಿದ್ದ. ಆ ಮಿಲ್ಲಿನಲ್ಲಿ ದುಂಡಗಿದ್ದುದಕ್ಕೆಲ್ಲ ಪುಲ್ಲಿ ಎಂದೇ ಹೆಸರು. ಗಿಡ್ಡಯ್ಯ ಹೂಂ ಎಂದುಬಿಟ್ಟಿದ್ದ. ಮತ್ತೆ ಬುತ್ತಿ ಹಿಡಿದು ಬರುವ ಹೊತ್ತಿಗೆ ಬೇಲೂರಿನವನು ಬೆಲ್ಟು ಓಡುವ ಚಿಕ್ಕ ಗಾಲಿ ಬಿಚ್ಚಿ, ಹೊಸದು ಹಾಕಿ, ಹೊರಟೂ ಹೋಗಿದ್ದ.

"ನಿಮ್ಮ ಕಿವಿ ಮೇಲೆ ನಂಗೆ ಅನುಮಾನ ಇಲ್ಲ," ಎಂದ ಇಂದ್ರೇಶ್, ದನಿ ತಗ್ಗಿಸಿ. "ಆದ್ರೆ ಇದಕ್ಕೇನಂತಾರೆ, ಅದು ಹೇಳಿ. ಪೊಳ್ಳಾಚಿಗೆ ಫೋನ್ ಮಾಡಿದ್ರೆ ಅವ್ರು ಮೊದಲು ಕೇಳೋದೇ ಪಾರ್ಟಿನ ಹೆಸರು. ದುಂಡಗಿದೆ, ತಿರುಗುತ್ತೆ ಅಂದ್ರೆ ನಗ್ತಾರೆ. ಇದರಲ್ಲಿ ಇರೋವೆಲ್ಲ ದುಂಡಗಿರೋವೇ, ತಿರುಗೋವೇ. ಫೋಟೋ ಕಳಿಸೋಣ ಅಂದ್ರೆ ಏನಂತ ಕಳಿಸ್ಲಿ? ನೋಡೋಕೆ ಚೆನ್ನಾಗೇ ಇದೆಯಲ್ಲ."

ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಇಂದ್ರೇಶನ ತಾಯಿ ಸುಮಿತ್ರಮ್ಮ ಪ್ರತಿ ಸೋಮವಾರ ಬಂದು ಚಕ್ರಕ್ಕೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಊದುಬತ್ತಿ ಬೆಳಗಿ ಹೋಗುತ್ತಿದ್ದರು. ಒಂದು ತೂತಿನಿಂದ ಅಂಚಿನ ಕಡೆಗೆ ಮೂರು ಬೆರಳಿನ ಮೂರು ಪಟ್ಟೆ. ಒಂದರ ಮೇಲೊಂದು ಹಚ್ಚಿ ಹಚ್ಚಿ ವಿಭೂತಿ ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಚಕ್ರದ ಸುತ್ತ ಮೊದಲು ಕಬ್ಬಿಣದ ಜಾಲರಿ ಇತ್ತಂತೆ. ಪೂಜೆಗೆ ಕೈ ಹೋಗುವುದಿಲ್ಲವೆಂದು ಬಿಚ್ಚಿಸಿ ಗೋಡೆಗೆ ಒರಗಿಸಿದ್ದರು. ಈಗ ಹೆಂಗಸರು ಅದಕ್ಕೆ ಬುತ್ತಿಚೀಲ ನೇತುಹಾಕುತ್ತಿದ್ದರು.

"ಆ ಇಬೂತಿ ಒಸಿ ಒರೆಸಿ ನೋಡಾನ ಯಜಮಾನ್ರೆ."

"ಅದೊಂದಕ್ಕೆ ಕೈ ಹಾಕ್ಬೇಡಿ," ಎಂದ ಇಂದ್ರೇಶ್. "ಅಮ್ಮ ಹಚ್ಚಿರೋದು." ಮಂಜುನಾಥನ ಕಡೆ ತಿರುಗಿ, "ಆನ್ ಮಾಡೋ. ನಾಳೆ ಸಂಜೆಗೆ ಲಾರಿ ಬರುತ್ತೆ," ಎಂದ. ಭಾನುವಾರವಾದರೂ ಅಂದು ರಜೆಯಿರಲಿಲ್ಲ.

ಹಸಿರು ಬಟನ್ನು ಒತ್ತಿದ ಮೇಲೆ ಚಕ್ರ ಮೊದಲು ಮೈಮುರಿದಂತೆ ನಿಧಾನಕ್ಕೆ ಅಲುಗಿತು. ವಿಭೂತಿಯ ಪಟ್ಟೆ ಮೇಲೆ ಬಂತು, ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು, ಆಮೇಲೆ ಕಾಣಲಿಲ್ಲ. ಶಿಲ್ಪಶ್ರೀ ಕೈತೊಳೆದು ಬಂದು ತನ್ನ ತಾಟಿನ ಮೇಲೆ ಕೂತಳು. ಅವಳ ಮುಂಗುರುಳು ಗಾಳಿಗೆ ಹಿಂದಕ್ಕೆ ಹಾರಿತು.

ಸಂಜೆ ಮನೆಯ ಜಗುಲಿಯಲ್ಲಿ ಗಿಡ್ಡಯ್ಯ ಮಾತು ತೆಗೆದ. ಮಗ ಉಮೇಶ ಲಾರಿ ತೆಗೆದುಕೊಂಡು ಮಂಗಳೂರಿಗೆ ಹೋಗಿದ್ದ, ಮನೆಯಲ್ಲಿ ಇವರಿಬ್ಬರೇ.

"ನಾಳೆ ಒಂದಿನ ಓಗ್ಬ್ಯಾಡ ಕಣವ್ವಾ."

"ಯಾಕೆ ಮಾವ? ನೀವು ಇಂಗೇ ಅಂತೀರ, ಜನ ನಂಗೆ ನಗ್ತಾರೆ. ರೈಲ್ವೆ ಅಜ್ಜ ಸೊಸೇನ ಮಡಿಲಲ್ಲಿ ಇಟ್ಕಂಡವ್ನೆ ಅಂತ ಮಂಜಣ್ಣ ಆಡ್ಕಂತಾನೆ."

"ಆಡ್ಕಳ್ಲಿ ಬುಡು."

"ನಾನ್ ಎದ್ದು ಬಂದ್ರೆ ಏನಾತು? ಆ ಜಾಗ ಖಾಲಿ ಬುಡ್ತಾರಾ? ಹುಚ್ಚಕ್ಕ ಬಂದು ಕೂತ್ಕಂತಳೆ, ಇಲ್ಲಾಂದ್ರೆ ಇನ್ನೊಬ್ಳು. ಅದು ಮುರೀತದೆ ಅನ್ನಂಗಿದ್ರೆ ಅವ್ರ ಮ್ಯಾಲೇ ಮುರೀಲಿ ಅಂತ ನಾನ್ ಮನೇಲಿರ್ಲಾ?" ಎಂದವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಇದೂ ಅಷ್ಟೇ. ಮನೇಲಿದ್ರೆ ಒದೀತದೆ. ಅಲ್ಲಿ ಮಿಷನ್ ಆನ್ ಆತು ಅಂದ್ರೆ ಸುಮ್ಕಾಗ್ತದೆ. ಕೇಳುಸ್ಕಂತಾ ಕೂತಂಗೆ."



ರೈಲ್ವೆಯಲ್ಲಿ ಇಷ್ಟು ಮಾತೇ ಬೇಕಿರಲಿಲ್ಲ. ಜೇಬಿನಲ್ಲೊಂದು ಸೀಮೆಸುಣ್ಣ ಇರುತ್ತಿತ್ತು. ಚಕ್ರ ಕೆಮ್ಮಿತೆಂದರೆ ಆ ಡಬ್ಬಿಯ ಮೈಮೇಲೆ ದೊಡ್ಡದಾಗಿ ಕತ್ತರಿ ಗುರುತು ಎಳೆದು ಮುಂದಕ್ಕೆ ಹೋಗುವುದು. ಮಳೆಯಿರಲಿ, ಗಾಡಿ ಎರಡು ಗಂಟೆ ಲೇಟಿರಲಿ, ಒಳಗೆ ಎಂಥ ಸಾಮಾನೇ ಇರಲಿ, ಆ ಡಬ್ಬಿಯನ್ನು ಕಳಚಿ ಬೇರೆ ಹಳಿಗೆ ಎಳೆದು ನಿಲ್ಲಿಸುತ್ತಿದ್ದರು. ಯಾಕೆ, ಏನು, ಅದಕ್ಕೇನನ್ನುತ್ತಾರೆ ಎಂದು ಗಿಡ್ಡಯ್ಯನನ್ನು ಒಬ್ಬರೂ ಕೇಳಿದ್ದಿಲ್ಲ. ಒಬ್ಬ ದೊಡ್ಡ ಆಫೀಸರು ಮಾತ್ರ ಒಮ್ಮೆ ನಿಂತು, "ಗಟ್ಟಿಯಾಗಿ ಗೊತ್ತೇನಯ್ಯಾ?" ಎಂದಿದ್ದರು. "ಗೊತ್ತು ಸಾರ್" ಎಂದಿದ್ದ. ಅಷ್ಟೇ. ಈಗ ಅವನಿಗೆ ಗೊತ್ತಿರುವುದು ಅಷ್ಟೇ ಗಟ್ಟಿಯಾಗಿತ್ತು, ಆದರೆ ಅದನ್ನು ಹೇಳುವುದಕ್ಕೆ ಒಂದು ಹೆಸರು ಬೇಕಾಗಿತ್ತು.

ಬೆಳಿಗ್ಗೆ ಮೊದಲ ಬಸ್ಸಿಗೆ ಅರಸೀಕೆರೆಗೆ ಹೋದ. ಶಿಲ್ಪಶ್ರೀ ಆಗಲೇ ಮಿಲ್ಲಿಗೆ ಹೊರಟಿದ್ದಳು. ಬಸ್ಸಿನ ಕಿಟಕಿಯಿಂದ ಅವಳು, ಹುಚ್ಚಮ್ಮ ರಸ್ತೆಯ ಅಂಚಿನಲ್ಲಿ ನಡೆದುಹೋಗುವುದು ಕಂಡಿತು. ಹುಚ್ಚಮ್ಮ ಏನೋ ಹೇಳಿ ಕೈ ಬೀಸುತ್ತಿದ್ದಳು, ಶಿಲ್ಪಶ್ರೀ ನಗುತ್ತಿದ್ದಳು.

ದೇವರಾಜನ ಲೇತ್ ಅಂಗಡಿ ಹಳಿಯ ಆಚೆಯ ಸಂದಿಯಲ್ಲಿತ್ತು. ದೇವರಾಜ ಫಿಟ್ಟರಾಗಿದ್ದವನು, ಗಿಡ್ಡಯ್ಯನ ಜತೆಯವನು. ರಿಟೈರಾದ ಮೇಲೂ ಕೈಗೆ ಎಣ್ಣೆ ಹತ್ತದಿದ್ದರೆ ಅನ್ನ ಸೇರುವುದಿಲ್ಲವೆಂದು ಅಂಗಡಿ ಇಟ್ಟಿದ್ದ.

"ಏನ್ಲಾ ಗಿಡ್ಡ, ಬದ್ಕಿದೀಯಾ ಇನ್ನೂವೆ?"

"ನಿಂಗಿಂತ ಮುಂಚೆ ಓಗಾಕಿಲ್ಲ ಬುಡು. ಒಂದು ಹೆಸರು ಬೇಕಿತ್ತು ಕಣ್ಲಾ."

"ಮೊಮ್ಮಗೀಗಾ? ಹುಟ್ಟೇಬುಡ್ತಾ?"

"ಮೊಮ್ಮಗೀಗಲ್ಲ. ಚಕ್ರಕ್ಕೆ."

ದೇವರಾಜ ನಗುತ್ತಾ ಸ್ಟೂಲು ತಳ್ಳಿದ. ಗಿಡ್ಡಯ್ಯ ಕೂರಲಿಲ್ಲ. ಅಂಗಡಿಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಅಲ್ಲೇ ಬಿದ್ದಿದ್ದ ಸೀಮೆಸುಣ್ಣದ ಚೂರಿನಿಂದ ಒಂದು ದೊಡ್ಡ ಸುತ್ತು ಬರೆದ. ಅದರೊಳಗೆ ಐದು ಚಿಕ್ಕ ಸುತ್ತು.

"ಇದರ ಮ್ಯಾಲೆ ಬೆಲ್ಟು ಓಡ್ತದಾ?" ದೇವರಾಜ ಕೇಳಿದ.

"ಇಲ್ಲ. ಪಕ್ಕದಾಗೆ ಚಿಕ್ಕದೊಂದೈತೆ, ಅದರ ಮ್ಯಾಲೆ."

"ಆ ಚಿಕ್ಕದು ಪುಲ್ಲಿ. ಇದಕ್ಕೆ ಹಲ್ಲು ಐತಾ?"

"ಊಂಹೂಂ. ಅಂಚೆಲ್ಲ ನುಣ್ಣಗೈತೆ."

"ಹಂಗಾರೆ ಗೇರಲ್ಲ. ಸಿಪ್ಪೆ ಇದರ ತಾವ ಬತ್ತದಾ? ಏನಾರ ಕುಯ್ತದಾ, ಅರೀತದಾ?"

"ಏನೂ ಮಾಡಾಕಿಲ್ಲ ಕಣ್ಲಾ," ಎಂದ ಗಿಡ್ಡಯ್ಯ. ಹೇಳುತ್ತಿರುವಾಗ ಅವನಿಗೇ ಅದು ವಿಚಿತ್ರವೆನಿಸಿತು. "ಸುಮ್ಕೆ ತಿರುಗ್ತದೆ. ಕರೆಂಟು ತೆಗೆದ್ರೂ ತಿರುಗ್ತಿರ್ತದೆ. ಎಲ್ಲಾ ನಿಂತ ಮ್ಯಾಲೆ ಕಡೇಲಿ ಅದು ನಿಲ್ಲಾದು."

ದೇವರಾಜ ಕೈಯೊರೆಸುವ ಬಟ್ಟೆ ಕೆಳಗಿಟ್ಟ. "ಫ್ಲೈವೀಲು," ಎಂದ.

"ಏನು?"

"ಫ್ಲೈವೀಲ್. ಅದಕ್ಕೆ ಬ್ಯಾರೆ ಕೆಲಸ ಇಲ್ಲ. ಓಟಾನ ಒಳಗೆ ತುಂಬ್ಕಂಡಿರ್ತದೆ. ಗಟ್ಟಿ ಸಿಪ್ಪೆ ಬಂದು ಮಿಷನ್ ಮುಗ್ಗರಿಸಿತು ಅನ್ನು, ಅವಾಗ ಇದು ತನ್ನೊಳಗಿಂದು ಕೊಟ್ಟು ಎಳ್ಕಂಡೋಗ್ತದೆ. ಆ ಮಿಷನ್ನಿನ ಬಲ ಎಲ್ಲಾ ಅದರಾಗೇ ಇರಾದು."

"ಕನ್ನಡದಾಗೆ ಏನಂತಾರೆ?"

"ಪುಸ್ತಕದಾಗೆ ಏನಾರ ಇದ್ದೀತು. ಅಂಗಡೀಲಿ ಕೇಳಿದ್ರೆ ಫ್ಲೈವೀಲೇ."

ಗಿಡ್ಡಯ್ಯ ಬಾಯೊಳಗೇ ಎರಡು ಸಲ ಅಂದುಕೊಂಡ. ಹುಡುಕಿದ್ದು ಕೈಗೆ ಸಿಕ್ಕವನ ಹಗುರ ಅವನ ಮುಖದಲ್ಲಿ ಕಂಡಿತು. "ಅದು ಸೀಳೈತೆ," ಎಂದ. "ದನಿ ಇಲ್ಲ. ಸುತ್ತಿಗೊಂದು ಟಿಕ್ ಅಂತದೆ. ಕಣ್ಣಿಗೆ ಕಂಡಿಲ್ಲ, ಆದ್ರೆ ಸೀಳೈತೆ."

ದೇವರಾಜ ಎದ್ದುಹೋಗಿ ಲೇತಿನ ಸ್ವಿಚ್ಚು ಆರಿಸಿ ಬಂದ. ಅಂಗಡಿ ಒಮ್ಮೆಲೇ ನಿಶ್ಶಬ್ದವಾಯಿತು. ಅವನು ಗಿಡ್ಡಯ್ಯನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡ.

"ಗಾಡಿ ಚಕ್ರ ಒಡೆದ್ರೆ ಭಾರಕ್ಕೆ ಕೂತ್ಕಂತದೆ. ಇದು ಅಂಗಲ್ಲ. ಮೂರು ಚೂರಾಯ್ತದೋ ನಾಕು ಚೂರಾಯ್ತದೋ, ಒಳಗಿರಾ ಓಟಾನೆಲ್ಲ ತಗಂಡು ಹೊಂಟೋಗ್ತದೆ. ತಗಡು ಗಿಗಡು ಅಡ್ಡ ಬಂದ್ರೆ ಕಾಗದ ಹರಿದಂಗೆ. ಆದ್ರೆ ಅಕ್ಕಪಕ್ಕಕ್ಕೆ ಹೋಗಾಕಿಲ್ಲ. ಇಂಗೇ ಹೋಗಾದು." ಅವನು ಪಕ್ಕದಲ್ಲಿ ಒಂದು ಗೀಟು ಎಳೆದ, ಚಕ್ರವನ್ನು ಮೇಲಿನಿಂದ ನೋಡಿದರೆ ಕಾಣುವಂತೆ. ಆ ಗೀಟನ್ನು ಹಾಗೇ ಮುಂದಕ್ಕೆ, ನೆಲದ ಮೇಲೆ ಸ್ಟೂಲಿನವರೆಗೂ ಎಳೆದುಕೊಂಡು ಹೋದ. "ಅದರ ನೇರಕ್ಕೆ. ಆ ನೇರಕ್ಕೆ ಏನಾರ ಇಟ್ಟವ್ರಾ ಅಲ್ಲಿ?"

ಗಿಡ್ಡಯ್ಯ ಗೀಟಿನ ತುದಿಯನ್ನೇ ನೋಡುತ್ತಿದ್ದ.

"ಏನೈತ್ಲಾ ಅಲ್ಲಿ?"

"ಗಾಳಿ ಚೆಂದಾಗಿ ಬತ್ತದೆ ಅಂತ," ಎಂದ ಗಿಡ್ಡಯ್ಯ, "ನನ್ನ ಸೊಸೆ ಕೂತ್ಕಂತಳೆ."

ದೇವರಾಜ ಬೀಡಿಕಟ್ಟಿನ ಕಾಗದ ಹರಿದು, ದೊಡ್ಡ ಅಕ್ಷರದಲ್ಲಿ ಹೆಸರು ಬರೆದು, ನಾಲ್ಕು ಮಡಿಕೆ ಮಾಡಿ ಗೆಳೆಯನ ಅಂಗಿಯ ಜೇಬಿಗೆ ತಾನೇ ಇಟ್ಟ.

ಬಸ್ಸು ಪ್ರತಿ ಊರಿನ ಗೇಟಿಗೂ ನಿಂತು ನಿಂತು ಹೋಯಿತು. ಮಿಲ್ಲಿನ ಮುಂದೆ ಇಳಿದಾಗ ಊಟದ ಹೊತ್ತು, ಮಿಷನ್ ನಿಂತಿತ್ತು. ಅದು ನಿಂತಿದೆಯೆಂದು ರಸ್ತೆಗೇ ಗೊತ್ತಾಗಿ ಗಿಡ್ಡಯ್ಯ ಬಿರಬಿರನೆ ಬಾಗಿಲ ಕಡೆ ನಡೆದ. ಆಮೇಲೆ ಒಳಗಿನಿಂದ ಹುಚ್ಚಮ್ಮನ ನಗೆ ಕೇಳಿತು.

ಸೋಮವಾರವಾದ್ದರಿಂದ ಸುಮಿತ್ರಮ್ಮ ಬಂದಿದ್ದರು. ಮಡಿಯುಟ್ಟು, ಹಿತ್ತಾಳೆಯ ತಟ್ಟೆ ಹಿಡಿದು ಚಕ್ರದ ಮುಂದೆ ಮಣೆ ಹಾಕಿ ಕೂತಿದ್ದರು. ಇಂದ್ರೇಶ್ ಕುರ್ಚಿಯಲ್ಲಿ ಕಾಲು ಚಾಚಿ ಫೋನು ನೋಡುತ್ತಿದ್ದ. ಆ ಕುರ್ಚಿ ಯಾವಾಗಲೂ ಹೆಂಗಸರ ಸಾಲಿನ ಹಿಂದೆ, ಗಾಳಿಗೆ ಮುಖ ಮಾಡಿ ಇರುತ್ತಿತ್ತು.

ಗಿಡ್ಡಯ್ಯ ಏನೂ ಹೇಳದೆ ಕಾಗದ ಮುಂದಿಟ್ಟ. ಇಂದ್ರೇಶ್ ಓದಿ, "ಸರಿ ಬಿಡಿ, ನಿಮ್ಮ ಸಮಾಧಾನಕ್ಕೆ" ಎಂದು ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಇಟ್ಟ. ಆ ಕಡೆಯವನು ತಮಿಳು ಬೆರೆತ ಕನ್ನಡದಲ್ಲಿ ಹಳೆಯ ಸಲಿಗೆಯಿಂದ ಮಾತಾಡಿದ. ಪುಲ್ಲಿ ಹೆಂಗಿದೆ ಸಾರ್, ಬಿಸಿಲು ಹೆಂಗಿದೆ ಸಾರ್.

"ಪುಲ್ಲಿ ಅಲ್ವಂತೆ. ಫ್ಲೈವೀಲ್ ಅಂತಿದಾರೆ ನಮ್ಮೋರು. ಕ್ರ್ಯಾಕ್ ಇರಬಹುದು ಅಂತ."

ಆ ಕಡೆ ಮಾತು ನಿಂತಿತು. ಲೈನು ಕಟ್ಟಾಯಿತೇನೋ ಎಂದು ಇಂದ್ರೇಶ್ ಫೋನನ್ನು ನೋಡಿದ.

"ಸಾರ್, ಮಿಷನ್ ಈಗ ಓಡ್ತಾ ಇದೆಯಾ?"

"ಇಲ್ಲ, ಊಟಕ್ಕೆ ನಿಲ್ಲಿಸಿದೀವಿ."

"ಹಂಗೇ ಇರ್ಲಿ. ಕ್ಲೀನ್ ಮಾಡಿ ನೋಡಿ ಸಾರ್. ತೂತು ಇರುತ್ತಲ್ಲ, ಅಲ್ಲಿಂದ ಅಂಚಿನ ಕಡೆ ನೋಡಿ. ಗೆರೆ ಇದ್ರೆ ನಂಗೆ ಫೋಟೋ ಹಾಕಿ. ಅಲ್ಲೀವರೆಗೆ ಯಾರೂ ಮುಂದೆ ನಿಲ್ಬೇಡಿ."

ಸುಮಿತ್ರಮ್ಮ ಕೈಯಲ್ಲಿ ವಿಭೂತಿಯ ಗಟ್ಟಿಯನ್ನು ಹಿಡಿದೇ ತಿರುಗಿ ನೋಡಿದರು. ಮಗ ಅವರ ಮುಖ ನೋಡಿದ. ಒರೆಸು ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಆಕೆಯೇ ತಂಬಿಗೆಯ ನೀರಿನಲ್ಲಿ ಬಟ್ಟೆ ಅದ್ದಿ, ನಾಲ್ಕು ವರ್ಷದ ವಿಭೂತಿಯನ್ನು ತೊಳೆಯತೊಡಗಿದರು. ಹಾಲಿನಂಥ ನೀರು ಚಕ್ರದ ಮೈಮೇಲೆ ಇಳಿದು ನೆಲಕ್ಕೆ ತೊಟ್ಟಿಕ್ಕಿತು. ಮೇಲಿನ ಪಟ್ಟೆ ಹೋಯಿತು. ಕೆಳಗಿನದ್ದೂ ಹೋಯಿತು. ನಡುವಿನ ಪಟ್ಟೆ ಹೋದ ಮೇಲೂ ಒಂದು ಗೆರೆ ಉಳಿಯಿತು. ಕೂದಲೆಳೆಯಷ್ಟು ಸಣ್ಣ, ತೂತಿನ ಅಂಚಿನಿಂದ ಹೊರಟು ಹೊರಗಿನ ಅಂಚಿಗೆ ನಾಲ್ಕು ಬೆರಳು ಇರುವವರೆಗೆ. ಒಳಗೆ ಹೋದ ಬೂದಿ ಒದ್ದೆಯಾಗಿ ಗೆರೆಯುದ್ದಕ್ಕೂ ಒಸರುತ್ತಿತ್ತು.

"ಇದು ಇತ್ತು," ಎಂದರು ಸುಮಿತ್ರಮ್ಮ. ದನಿ ಮೆಲ್ಲಗಿತ್ತು, ತಮ್ಮಷ್ಟಕ್ಕೆ ಹೇಳಿಕೊಂಡಂತೆ. "ಈ ಗೆರೆ ಶಿವರಾತ್ರಿಗೂ ಮುಂಚೆಯಿಂದ ಇತ್ತು ಕಣೋ ಇಂದ್ರ. ವಿಭೂತಿ ಕೆಳಗೆ ಬೆರಳಿಗೆ ಸಿಗ್ತಿತ್ತು, ಎರಕದ ಗೆರೆ ಅಂದ್ಕೊಂಡೆ. ಪಟ್ಟೆ ಸೊಟ್ಟ ಆಗಬಾರದು ಅಂತ ಇದರ ಮೇಲೇ ನಡುಬೆರಳು ಇಟ್ಟು ಎಳೀತಿದ್ದೆ."



"ಅವಾಗ ಇಷ್ಟಿತ್ತು," ಎಂದು ಹೆಬ್ಬೆರಳು ತೋರುಬೆರಳು ಅಗಲಿಸಿ ತೋರಿಸಿದರು. ಗೇಣು ಕೂಡ ಇರಲಿಲ್ಲ ಆ ಅಳತೆ. "ವಾರವಾರ ನನ್ನ ಪಟ್ಟೆ ಉದ್ದ ಆಗ್ತಾ ಬಂತು. ನಾನೇ ಎಳೆದದ್ದು ಅಂದ್ಕೊಂಡೆ."

ಫೋಟೋ ಹೋಯಿತು. ಎರಡು ನಿಮಿಷಕ್ಕೆ ಫೋನು ಬಂತು. ಈಗ ಇಂದ್ರೇಶ್ ಅದನ್ನು ಕಿವಿಗಿಟ್ಟುಕೊಂಡು ಹೊರಗೆ ಹೋಗಿ ಮಾತಾಡಿದ. ಬಾಗಿಲ ಹೊರಗೆ ಬಿಸಿಲಲ್ಲಿ ಅವನು ಅತ್ತಿಂದಿತ್ತ ತಿರುಗುವುದು, ತಲೆ ಕೆರೆದುಕೊಳ್ಳುವುದು, ನೆನೆಹಾಕಿದ ಸಿಪ್ಪೆಯ ಗುಂಡಿಯ ಕಡೆ ಕೈ ಮಾಡುವುದು ಕಂಡಿತು. ಒಳಗೆ ಬಂದಾಗ ಯಾರ ಮುಖವನ್ನೂ ನೋಡಲಿಲ್ಲ.

"ಹೊಸದು ಬರೋಕೆ ಹತ್ತು ದಿನ ಅಂತೆ."

"ಹತ್ತು ದಿನ ನಿಲ್ಸಿ ಯಜಮಾನ್ರೆ," ಎಂದ ಗಿಡ್ಡಯ್ಯ.

"ನಿಲ್ಲಿಸ್ತೀನಿ. ನಾಳೆಯಿಂದ ನಿಲ್ಲಿಸ್ತೀನಿ." ಅವನು ಮಾತನ್ನು ಹುಡುಕುತ್ತಿದ್ದ. "ನೆಂದಿರೋ ಸಿಪ್ಪೆ ಕೊಳೆಯುತ್ತೆ. ಸಂಜೆ ಲಾರಿ ಬಂದು ನಿಲ್ಲುತ್ತೆ, ಅರ್ಧ ಲೋಡೂ ಇಲ್ಲ. ಶಿವರಾತ್ರಿಯಿಂದ ಓಡಿದ್ದು ಇನ್ನು ನಾಲ್ಕು ಗಂಟೆ ಓಡಲ್ವಾ? ಮೆಲ್ಲಗೆ ಹಾಕೋ ಮಂಜ, ಗಟ್ಟಿ ಸಿಪ್ಪೆ ಹಾಕ್ಬೇಡ."

"ಅವ್ರೇನಂದ್ರು ಫೋನಾಗೆ?"

ಇಂದ್ರೇಶ್ ಫೋನನ್ನು ಜೇಬಿಗೆ ಹಾಕಿಕೊಂಡ. ಸುಮಿತ್ರಮ್ಮ ಮಣೆಯಿಂದ ಎದ್ದರು. ತಟ್ಟೆಯಲ್ಲಿ ಕುಂಕುಮ, ಹೂವು, ಮುರಿಯದ ವಿಭೂತಿ ಗಟ್ಟಿ ಹಾಗೇ ಇದ್ದವು. ಅದನ್ನು ಎತ್ತಿಕೊಂಡು, ಮಗನನ್ನು ದಾಟಿ ಹೊರಟುಹೋದರು. ಬೊಟ್ಟಿಲ್ಲದ ಚಕ್ರ ಒದ್ದೆಯಾಗಿ, ಕಪ್ಪಗೆ ಹೊಳೆಯುತ್ತಾ ನಿಂತಿತ್ತು.

ಗಿಡ್ಡಯ್ಯನ ಹತ್ತಿರ ಇದ್ದದ್ದು ಒಂದೇ ಹೆಸರು, ಅದನ್ನು ಕೊಟ್ಟಾಗಿತ್ತು. ಹೆಂಗಸರು ಊಟದ ಡಬ್ಬಿ ಮುಚ್ಚಿ, ಅವನನ್ನೂ ಯಜಮಾನನನ್ನೂ ನೋಡುತ್ತಾ ನಿಂತಿದ್ದರು. ಹುಚ್ಚಮ್ಮ ಕೂಡ.

ಆಗ ಇಂದ್ರೇಶ್ ತನ್ನ ಕುರ್ಚಿಯನ್ನು ಒಂದು ಕೈಯಲ್ಲಿ ಎತ್ತಿಕೊಂಡ. ಬೆಳಕಿಗೋ ಎಂಬಂತೆ ಅದನ್ನು ತಂದು ಬಾಗಿಲ ಪಕ್ಕದ ಮೂಲೆಗೆ, ಇಟ್ಟಿಗೆ ಕಂಬದ ಹಿಂದಕ್ಕೆ ಹಾಕಿ ಕೂತ.

ಶಿಲ್ಪಶ್ರೀ ಅದನ್ನು ನೋಡಿದಳು. ಕುರ್ಚಿ ಇದ್ದ ಜಾಗ, ಕುರ್ಚಿ ಹೋದ ಜಾಗ, ನಡುವೆ ಚಕ್ರ. ಬಗ್ಗಿ ತನ್ನ ಗೋಣಿತಾಟು ಕೊಡವಿ ಎತ್ತಿಕೊಂಡಳು. ಮಾವನ ಕಡೆ ನೋಡದೆ, ಯಾರಿಗೂ ಏನೂ ಹೇಳದೆ, ಶೆಡ್ಡಿನ ಎಡಗೋಡೆಗೆ ನಡೆದಳು. ಬಿಸಿಲಿಗೆ ಕಾದ ತಗಡು ಅಲ್ಲಿ ಬೆನ್ನಿಗೇ ತಾಗುವಂತಿತ್ತು, ಗಾಳಿಯ ಸುಳಿವಿರಲಿಲ್ಲ. ತಾಟು ಹಾಸಿ ಕೂತು, ಮುಖದ ಬೆವರು ಸೆರಗಿಂದ ಒರೆಸಿಕೊಂಡಳು.

"ಏಳೇ, ಆ ಬೇಗೇಲಿ ಕೂತ್ಕಂತಿಯಾ?" ಎಂದಳು ಹುಚ್ಚಮ್ಮ. ಶಿಲ್ಪಶ್ರೀ ತಲೆ ಎತ್ತಿ ಅವಳನ್ನೇ ನೋಡಿದಳು. ಹುಚ್ಚಮ್ಮ ಚಕ್ರದ ಕಡೆ ಒಮ್ಮೆ ತಿರುಗಿ ನೋಡಿ, ತನ್ನ ತಾಟೂ ಎತ್ತಿಕೊಂಡು, "ಒಸಿ ಸರ್ಕೋ ಅತ್ಲಾಗೆ, ಗೋಡೆಯೆಲ್ಲ ನಿಂದೇನಾ?" ಎನ್ನುತ್ತಾ ಹೋಗಿ ಪಕ್ಕದಲ್ಲಿ ಕೂತಳು. ಆಮೇಲೆ ಉಳಿದವರೂ ಒಬ್ಬೊಬ್ಬರೇ ಬಂದರು. ಗಿಡ್ಡಯ್ಯ ಅವರು ಬಿಟ್ಟ ನಾರಿನ ಕಟ್ಟುಗಳನ್ನು ಎರಡು ಕೈಯಲ್ಲೂ ಹೊತ್ತು ಹೊತ್ತು ಈಚೆಗೆ ಹಾಕಿದ. ಕೊನೆಯ ಕಟ್ಟು ತಂದವನು ತಾನೂ ಸೊಸೆಯ ಪಕ್ಕದಲ್ಲಿ ನೆಲಕ್ಕೆ ಕೂತ. ಇಂದ್ರೇಶ್ ಇದನ್ನೆಲ್ಲ ನೋಡಿದ. ಬೇಡವೆನ್ನಲಿಲ್ಲ.

ಮಂಜುನಾಥ ಬಟನ್ನಿನ ಹತ್ತಿರ ಹೋದವನು ಹಿಂದಕ್ಕೆ ಬಂದ. ಹೊರಗೆ ಹೋಗಿ ಎಳನೀರು ಕೀಳುವ ಉದ್ದನೆಯ ದೋಟಿ ತಂದ. ಕಂಬದ ಮರೆಯಲ್ಲಿ ನಿಂತು, ಅದರ ತುದಿಯಿಂದ ಹಸಿರು ಬಟನ್ನನ್ನು ತಡಕಿ ಒತ್ತಿದ. ಅವನನ್ನು ನೋಡಿ ಬೇರೆ ದಿನವಾಗಿದ್ದರೆ ಹುಚ್ಚಮ್ಮ ವಾರಗಟ್ಟಲೆ ಆಡಿಕೊಳ್ಳುತ್ತಿದ್ದಳು.

ಚಕ್ರ ಅಲುಗಿತು. ತಿರುಗಿತು. ತೂತುಗಳು ಬಳೆಯಾದವು. ನೆಲದ ಮೇಲೆ, ತಾಟುಗಳಿದ್ದ ಕಡೆ, ಬೆಳ್ಳಗೆ ಉಳಿದಿದ್ದ ಚೌಕಗಳ ಮೇಲಿಂದ ನಾರಿನ ದೂಳು ಗಾಳಿಗೆ ಎದ್ದು ಎದ್ದು ಬೀಳುತ್ತಿತ್ತು. ಗಿಡ್ಡಯ್ಯ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ.

ಹಿಂದಿನ ತಗಡಿನ ಸಂದಿಯಿಂದ ಒಂದು ಕೋಳಿ ಏಳು ಮರಿಗಳನ್ನು ಕರೆದುಕೊಂಡು ಒಳಗೆ ಬಂತು. ಊಟದ ಅಗುಳು ಬಿದ್ದಿದ್ದವೋ ಏನೋ, ಆ ಚೌಕಗಳ ನಡುವೆ ನಿಂತು ಕೆದಕತೊಡಗಿತು. ಮರಿಗಳ ತುಪ್ಪುಳು ಗಾಳಿಗೆ ಉಬ್ಬಿ ನಿಂತಿತು.

"ಹುಶ್," ಎಂದಳು ಹುಚ್ಚಮ್ಮ, ಕೂತಲ್ಲಿಂದ. ಮಿಷನ್ನಿನ ಸದ್ದಿಗೆ ಅದು ಕೋಳಿಗೆ ಕೇಳಲಿಲ್ಲ. ಶಿಲ್ಪಶ್ರೀ ಒಂದು ಹಿಡಿ ನಾರು ಉಂಡೆ ಮಾಡಿ ಎಸೆದಳು; ಅದು ಅರ್ಧ ದಾರಿಗೆ ಬಿತ್ತು. ಇನ್ನೊಬ್ಬಳು ಬುತ್ತಿಯಲ್ಲಿ ಉಳಿದ ಮುದ್ದೆಯ ಚೂರು ಮುರಿದು ಕೈ ಚಾಚಿ, "ಬಾ, ಬಾ, ಬಾ" ಎಂದು ಕರೆದಳು. ಎಲ್ಲರೂ ಕರೆಯತೊಡಗಿದರು. ಕೋಳಿ ಒಮ್ಮೆ ಕತ್ತು ಕೊಂಕಿಸಿ ಇತ್ತ ನೋಡಿ, ಮತ್ತೆ ತಲೆ ತಗ್ಗಿಸಿತು. ಓಡಿಸಿಬರಲು ಯಾರೂ ಎದ್ದುಹೋಗಲಿಲ್ಲ.